ಅರವತ್ತು ಪುಟಗಳ ಶಿಫಾರಸು

ನಾನು ಊರ ಜನರಿಗೆ ಶಿಫಾರಸು ಮಾಡಿದ ಪುಸ್ತಕಗಳಲ್ಲಿ ಮುಕ್ಕಾಲು ಪಾಲನ್ನು ನಾನೇ ಕೊನೆಯವರೆಗೆ ಓದಿರಲಿಲ್ಲ. ಈ ವಯಸ್ಸಿನಲ್ಲಿ ಇದನ್ನು ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಹಲ್ಲು, ಮೊಣಕಾಲು, ನೆನಪು ಒಂದೊಂದಾಗಿ ಕೈಕೊಟ್ಟ ಮೇಲೆ ಮರ್ಯಾದೆಯೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಏನು ಮಾಡುವುದು? ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ನನ್ನ ಕ್ಯಾಥೊಲಿಕ್ ಗೆಳತಿಯರು ವಾರಕ್ಕೊಮ್ಮೆ ಕನ್ಫೆಶನ್‌ಗೆ ಹೋಗಿ, ಪಾದ್ರಿಗೆ ಪಾಪ ಒಪ್ಪಿಸಿ, ಹಗುರಾಗಿ ಹೊರಬರುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡಿದ್ದ ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ನನ್ನ ಪಾಪಗಳನ್ನು ನಾನೇ ಇಟ್ಟುಕೊಳ್ಳುತ್ತಿದ್ದೆ. ಆಗ ಸಿಗದ ಸೌಕರ್ಯವನ್ನು ಈಗ ನಿಮ್ಮ ಮುಂದೆ ಬಳಸಿಕೊಳ್ಳುತ್ತಿದ್ದೇನೆ ಎಂದುಕೊಳ್ಳಿ.

ಇದಕ್ಕೆ ನೆವ ಒಬ್ಬ ಸಂಪಾದಕರ ಕಾಗದ. ಅವರಿಗೆ ನಾನು ಇತ್ತೀಚಿನ ಕಾದಂಬರಿಗಳು ಐದು, ಕಾದಂಬರಿಯಲ್ಲದ ಪುಸ್ತಕಗಳು ಐದು, ಹೀಗೆ ಹತ್ತನ್ನು ಆರಿಸಿ ಸಾಮಾನ್ಯ ಓದುಗರಿಗೆ ರೆಕಮೆಂಡ್ ಮಾಡಬೇಕಂತೆ. ಕಾಗದವನ್ನು ಎರಡು ಸಲ ಓದಿದೆ. ಎರಡು ಕಡೆ ಸಿಕ್ಕಿಬಿದ್ದೆ. ಮೊದಲನೆಯದು ‘ಇತ್ತೀಚಿನ’ ಎಂಬ ಮಾತು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಅಚ್ಚಾದ ಪುಸ್ತಕ ಬಸವಕಲ್ಯಾಣಕ್ಕೆ ಬರುವಷ್ಟರಲ್ಲಿ ಅದನ್ನು ಬರೆದವರು ಇನ್ನೂ ಮೂರು ಬರೆದಿರುತ್ತಾರೆ. ಒಬ್ಬಿಬ್ಬರು ಬರೆಯುವುದನ್ನೇ ಬಿಟ್ಟಿರುತ್ತಾರೆ. ನಮ್ಮಲ್ಲಿ ಯಾವ ಪುಸ್ತಕದ ರಟ್ಟು ಇನ್ನೂ ಕಿತ್ತಿಲ್ಲವೋ ಅದು ಇತ್ತೀಚಿನದು. ಎರಡನೆಯದು ‘ಸಾಮಾನ್ಯ ಓದುಗ’. ಈ ಮಹಾಶಯನನ್ನು ನಾನು ಈವರೆಗೆ ಭೇಟಿಯಾಗಿಲ್ಲ. ಓದುವವರನ್ನು ಕಂಡಿದ್ದೇನೆ, ಆದರೆ ಅವರಲ್ಲಿ ಒಬ್ಬರೂ ಸಾಮಾನ್ಯರಲ್ಲ.

ನಾನು ಕನ್ನಡದ ಓದುಗಳಾದದ್ದೇ ತಡವಾಗಿ. ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡ, ಶಾಲೆಯಲ್ಲಿ ಕಲಿತದ್ದು ಇಂಗ್ಲಿಷು, ಸುತ್ತಮುತ್ತ ಸರ್ಕಾರ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನನಗೆ ಮೂವತ್ತಾರು ವರ್ಷ. ನನ್ನ ಯಜಮಾನರು ಹುಮನಾಬಾದಿನ ಕೋರ್ಟಿನಲ್ಲಿ ವಕೀಲರು. ಉರ್ದುವಿನಲ್ಲಿ ವಾದ ಮಾಡಿ ಹೆಸರಾದವರು. ಇನ್ನು ಮುಂದೆ ಅರ್ಜಿಗಳು ಕನ್ನಡದಲ್ಲಿ ಎಂದಾಗ ಅವರು ಒಂದನೇ ಇಯತ್ತೆಯ ಪುಸ್ತಕ ತಂದರು. ಕಪ್ಪು ಕೋಟು ಕಳಚಿಟ್ಟು ಅವರು ಮೇಜಿನ ಆಚೆಗೆ, ಸೆರಗು ಸಿಕ್ಕಿಸಿಕೊಂಡು ನಾನು ಈಚೆಗೆ, ಇಬ್ಬರೂ ಕೂತು ಅಕ್ಷರ ತಿದ್ದಿದೆವು. ಅವರು ಬೇಗ ಕಲಿತರು, ಯಾಕೆಂದರೆ ಎದುರಿಗೆ ಕಕ್ಷಿದಾರರಿದ್ದರು. ನಾನು ನಿಧಾನವಾಗಿ ಕಲಿತೆ, ಯಾಕೆಂದರೆ ಎದುರಿಗೆ ಅವರಿದ್ದರು. ಈಗ ಆ ಕುರ್ಚಿ ಖಾಲಿ. ಆದರೂ ಒತ್ತಕ್ಷರ ಕಂಡಾಗಲೆಲ್ಲ ಅವರ ಬೆರಳಿನ ತುದಿ ಪುಟದ ಮೇಲೆ ಇದ್ದಂತೆ ಅನಿಸುತ್ತದೆ.

ಅಕ್ಷರ ಬಂದದ್ದೇ ತಡ, ಕಾದಂಬರಿಯ ಚಟ ಹತ್ತಿತು. ಆ ಹೊತ್ತಿಗೆ ನಾವು ಬಸವಕಲ್ಯಾಣಕ್ಕೆ ಬಂದು ನೆಲೆಸಿದ್ದೆವು. ತವರಿನ ಕಡೆಯವರು ಹುಮನಾಬಾದಿನಲ್ಲೇ ಇದ್ದುದರಿಂದ ತಿಂಗಳಿಗೊಮ್ಮೆ ಅಲ್ಲಿಗೆ ಓಡಾಟ. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಪಂಚಾಂಗ, ಕ್ಯಾಲೆಂಡರು, ಊದಿನಕಡ್ಡಿಗಳ ನಡುವೆ ನಾಲ್ಕಾರು ಕಾದಂಬರಿಗಳನ್ನು ದಾರಕ್ಕೆ ತೂಗುಹಾಕುವ ಒಂದು ಅಂಗಡಿಯಿತ್ತು. ತೂಗುಬಿದ್ದ ಪುಸ್ತಕಗಳನ್ನು ಕಂಡು ನನಗೆ ಕರುಣೆ ಬಂದು ಒಂದನ್ನು ಇಳಿಸಿಕೊಳ್ಳುತ್ತಿದ್ದೆ. ಬಸ್ಸು ಹುಮನಾಬಾದು ಬಿಟ್ಟು ಬಸವಕಲ್ಯಾಣ ಮುಟ್ಟುವಷ್ಟರಲ್ಲಿ, ರಸ್ತೆಯ ಕುಲುಕಾಟವನ್ನೂ ದಾರಿಯಲ್ಲಿ ಹತ್ತುವ ಕುರಿಮರಿಗಳನ್ನೂ ಲೆಕ್ಕಕ್ಕೆ ಹಿಡಿದರೆ, ಸರಿಯಾಗಿ ಅರವತ್ತು ಪುಟ ಆಗುತ್ತಿತ್ತು. ಮನೆ ಸೇರಿದ ಮೇಲೆ ಯಾರಿಗೆ ಪುರಸೊತ್ತು? ಅಡುಗೆ, ಬಂದುಹೋಗುವ ಕಕ್ಷಿದಾರರು, ಅವರ ಚಹಾ. ಹೀಗಾಗಿ ನನ್ನ ಸಾಹಿತ್ಯಜ್ಞಾನವೆಲ್ಲ ಅರವತ್ತನೆಯ ಪುಟಕ್ಕೆ ನಿಂತದ್ದು. ನಾಯಕಿಯರ ಮದುವೆಯನ್ನು ನಾನು ಕಂಡಿದ್ದೇನೆ; ಸಂಸಾರ ಕಂಡದ್ದು ಕಡಿಮೆ.

ಇಂಥವಳ ಕೈಗೆ ಊರವರು ಒಂದು ಅಲಮಾರಿಯ ಕೀಲಿಕೈ ಕೊಟ್ಟರು. ತಹಸೀಲ ಕಚೇರಿಯ ಹಿಂದಿನ ಓಣಿಯಲ್ಲಿ ಹೆಣ್ಣುಮಕ್ಕಳ ಮಂಡಳಿಗೆಂದು ಒಂದು ಖೋಲಿ, ಅದರಲ್ಲಿ ಒಂದು ಹೊಲಿಗೆ ಮಶೀನು, ಒಂದು ಅಲಮಾರಿ ಪುಸ್ತಕ. ಕಾನ್ವೆಂಟಿನಲ್ಲಿ ಓದಿದವಳು ಎಂಬ ಒಂದೇ ಯೋಗ್ಯತೆಯ ಮೇಲೆ ನಾನು ಲೈಬ್ರರಿಯನ್ ಆದೆ. ಯಾರು ಏನು ಓದಬೇಕು ಎಂದು ಹೇಳುವ ಕೆಲಸದಲ್ಲಿ ಒಂದು ನಶೆಯಿದೆ. ಡಾಕ್ಟರಿಗಾದರೂ ರೋಗಿ ಸತ್ತರೆ ಕೆಟ್ಟ ಹೆಸರು ಬರುತ್ತದೆ. ಪುಸ್ತಕ ಶಿಫಾರಸು ಮಾಡುವವರಿಗೆ ಆ ಭಯವೂ ಇಲ್ಲ.

ಕಾದಂಬರಿಯಲ್ಲದ ಪುಸ್ತಕಗಳಿಂದ ಶುರು ಮಾಡಿದೆ, ಜ್ಞಾನ ಹರಡಲಿ ಎಂದು. ಚಂದ್ರನ ಮೇಲೆ ಮನುಷ್ಯರು ಇಳಿದ ಬಗ್ಗೆ ಒಂದು ಸೊಗಸಾದ ಪುಸ್ತಕ ಬಂದಿತ್ತು, ಫೋಟೋಗಳ ಸಮೇತ. ಅದನ್ನು ಯಜಮಾನರ ಹಳೆಯ ಮುನ್ಶಿಗಳಿಗೆ ಕೊಟ್ಟೆ. ವಾರದ ಮೇಲೆ ಅವರು ಅದನ್ನು ಟವೆಲಿನಲ್ಲಿ ಸುತ್ತಿ ತಂದು ಹಿಂದಿರುಗಿಸಿ, “ಹೋದೋರು ವಾಪಸ್ ಬಂದಾರ ಅಂತ ಬರದದ ಬಾಯಾರ. ಹಂಗಾದ್ರ ಅಲ್ಲಿ ಛಲೋ ಇಲ್ಲ ಅಂತ ಆತಲ್ಲ,” ಎಂದರು. ಇನ್ನೂರು ಪುಟದ ವಿಜ್ಞಾನವನ್ನು ಇಷ್ಟು ಚಿಕ್ಕದಾಗಿ ಹಿಂಡಿದವರನ್ನು ನಾನು ಬೇರೆ ಕಂಡಿಲ್ಲ. ಒಬ್ಬ ಡಾಕ್ಟರರು ಬರೆದ ಆಹಾರದ ಪುಸ್ತಕವನ್ನು ಅಕ್ಕಸಾಲಿಗರ ಹೆಂಡತಿಗೆ ಕೊಟ್ಟೆ. ಎಂಟು ದಿನಕ್ಕೆ ಅವಳ ಗಂಡನೇ ಬಂದ, ಮುಖ ಇಳಿದಿತ್ತು. ಮನೆಯಲ್ಲಿ ತುಪ್ಪ ಬಂದ್ ಆಗಿದೆ, ದಿನಾ ಮೊಳಕೆ ಹೆಸರು ತಿನ್ನಿಸುತ್ತಿದ್ದಾಳೆ, ದಯಮಾಡಿ ಅವಳಿಗೆ ಯಾರಾದರೂ ಸಾಯುವ ಕಥೆ ಕೊಡಿ, ಅಳುತ್ತ ಕೂತರೆ ಅಡುಗೆಯನ್ನು ತಾಯಿಯೇ ನೋಡಿಕೊಳ್ಳುತ್ತಾಳೆ ಎಂದು ಬೇಡಿಕೊಂಡ. ಕೊಟ್ಟೆ. ಸಾಹಿತ್ಯದಿಂದ ಒಂದು ಸಂಸಾರ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದು ಅದೇ ಮೊದಲು.

ಸಾಹಿತ್ಯ ಉಳಿಸಿದ ಎರಡನೆಯದರ ವಿಷಯಕ್ಕೇ ಈಗ ಬರುತ್ತಿದ್ದೇನೆ. ಅಲ್ಲಿ ಉಳಿಯಬೇಕಾದದ್ದು ಸಂಸಾರವಲ್ಲ ಅನ್ನುವುದು ಬೇರೆ.

ನಮ್ಮ ಓಣಿಯಲ್ಲಿ ಗಂಗಮ್ಮಾಯಿ ಎಂಬ ಹಿರಿಯರಿದ್ದರು. ಗಂಡುಮಕ್ಕಳಿಬ್ಬರು ಕಾಳುಕಡಿಯ ವ್ಯಾಪಾರದವರು. ಆಯಿ ವಿಧವೆ, ಅಕ್ಷರ ಬಾರದವರು, ಆದರೆ ನಲವತ್ತು ಶ್ರಾವಣ ಪುರಾಣ ಕೇಳಿದ ಕಿವಿಯವರು. ಅವರ ಪಡಸಾಲೆಯಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚುವುದು ಪದ್ಧತಿ. ದಿನಾ ಮಧ್ಯಾಹ್ನ ಶಾಸ್ತ್ರಿಗಳು ಬಂದು ವ್ಯಾಸಪೀಠದ ಮೇಲೆ ಗ್ರಂಥ ಬಿಚ್ಚಿ ಒಂದು ಅಧ್ಯಾಯ ಓದುವರು, ಹೆಣ್ಣುಮಕ್ಕಳು ಬತ್ತಿ ಹೊಸೆಯುತ್ತ ಕೇಳುವರು. ತಿಂಗಳ ಕೊನೆಗೆ ಮಂಗಲ: ಆರತಿ, ಕಾಯಿ ಒಡೆಯುವುದು, ಹುಗ್ಗಿಯ ಊಟ. ಹಚ್ಚಿದ ಪುರಾಣವನ್ನು ನಡುವೆ ನಿಲ್ಲಿಸಬಾರದು. ಮಂಗಲದ ದಿನ ಓದಿದ್ದು ಮಂಗಲವಾಗಿಯೇ ಮುಗಿಯಬೇಕು. ಕಾಯಿ ಒಡೆದ ಮೇಲೆ ಓದಿದ್ದನ್ನು ಯಾರೂ ಎತ್ತಿ ಆಡಬಾರದು.

ಆ ವರ್ಷ, ಅಂದರೆ ಈಗ್ಗೆ ಹನ್ನೆರಡು ಹದಿಮೂರು ವರ್ಷದ ಹಿಂದೆ, ಶಾಸ್ತ್ರಿಗಳ ಕಣ್ಣಿಗೆ ಪೊರೆ ಬಂತು. ಬೇರೆ ಯಾರೂ ಸಿಗಲಿಲ್ಲ. ಗಂಗಮ್ಮಾಯಿ ನನ್ನನ್ನು ಕರೆಸಿ, ಮನೆಯಲ್ಲಿ ಮಗಳು ಮಹಾನಂದಾ ಇದ್ದಾಳೆ, ಮ್ಯಾಟ್ರಿಕ್ ಪಾಸು, ಸ್ವಚ್ಛ ಓದುತ್ತಾಳೆ. ಹಳೆಯ ಗ್ರಂಥದ ಪದ್ಯ ಅವಳಿಗೆ ಬಾರದು. ನಿಮ್ಮ ಅಲಮಾರಿಯಲ್ಲಿ ಹೆಣ್ಣುಮಕ್ಕಳು ಕೇಳುವಂಥ, ಒಂದು ತಿಂಗಳಿಗೆ ಸಾಲುವಂಥ ಒಂದು ಛಲೋ ಹೊಸ ಪುಸ್ತಕ ಇದೆಯೇ ಎಂದು ಕೇಳಿದರು.

ನನ್ನ ಬದುಕಿನಲ್ಲಿ ಯಾರೂ ಇಷ್ಟು ನಂಬಿಕೆಯಿಂದ ನನ್ನ ಟೇಸ್ಟನ್ನು ಕೇಳಿರಲಿಲ್ಲ. ಹಿಂದಿನ ವಾರವಷ್ಟೇ ಹುಮನಾಬಾದಿನ ದಾರದಿಂದ ಇಳಿಸಿದ್ದ ಒಂದು ಕಾದಂಬರಿ ಕೈಯಲ್ಲಿತ್ತು. ಹೆಸರು ಹೇಳುವುದಿಲ್ಲ, ಬರೆದವರು ಇನ್ನೂ ಬರೆಯುತ್ತಿದ್ದಾರೆ. ಸರಿಯಾಗಿ ಮೂವತ್ತು ಅಧ್ಯಾಯ, ಶ್ರಾವಣಕ್ಕೆ ಹೇಳಿ ಹೊಲಿಸಿದಂತೆ. ಮೊದಲ ಅರವತ್ತು ಪುಟದಲ್ಲಿ ನಾಯಕಿ ವಿಮಲಾ ಕದ್ದು ಓದುತ್ತಾಳೆ, ಮದುವೆಯಾಗುತ್ತಾಳೆ, ಅತ್ತೆಗೆ ಎದುರುತ್ತರ ಕೊಡುತ್ತಾಳೆ. ಹಿಂದಿನ ರಟ್ಟಿನ ಮೇಲೆ ‘ದಿಟ್ಟ ಹೆಣ್ಣಿನ ಕಥೆ’ ಎಂದು ಅಚ್ಚಾಗಿತ್ತು. ಬಹಳ ಮಾಡರ್ನ್ ಪುಸ್ತಕ ಆಯಿ, ಕಣ್ಣು ಮುಚ್ಚಿ ಓದಿಸಿ ಎಂದೆ. ಕಣ್ಣು ಮುಚ್ಚಿಕೊಂಡಿದ್ದವಳು ನಾನು.

ಇಲ್ಲಿ ಒಂದು ಮಾತು. ಹಳೆಯ ಗ್ರಂಥಗಳ ಕೊನೆಯಲ್ಲಿ ಫಲಶ್ರುತಿ ಇರುತ್ತಿತ್ತು: ಇದನ್ನು ಕೇಳಿದವರಿಗೆ ಇಂಥಿಂಥ ಫಲ ಎಂದು. ಪೂರ್ತಿ ಕೇಳಿದವರಿಗೆ ಮಾತ್ರ ಆ ಫಲ. ಈಗಿನ ಪುಸ್ತಕಗಳು ಫಲಶ್ರುತಿಯನ್ನು ಹಿಂದಿನ ರಟ್ಟಿಗೆ ತಂದು ಅಂಟಿಸಿವೆ, ಒಳಗೆ ಹೋಗದವರಿಗೂ ಸಿಗಲಿ ಎಂದು. ನನ್ನಂಥವರು ಬದುಕಿದ್ದೇ ಆ ಔದಾರ್ಯದ ಮೇಲೆ.

ಕಾದಂಬರಿ ವ್ಯಾಸಪೀಠ ಏರಿತು. ಅರಿಶಿನ ಕುಂಕುಮ ಏರಿತು. ಮೂರನೆಯ ಅಧ್ಯಾಯದಲ್ಲಿ ವಿಮಲಾಳ ಮದುವೆ ಬಂದಾಗ ಕೇಳಲು ಕುಳಿತ ಹೆಣ್ಣುಮಕ್ಕಳು ಪದ್ಧತಿ ಪ್ರಕಾರ ಪುಸ್ತಕದ ಮೇಲೆ ಅಕ್ಷತೆ ಹಾಕಿದರು. ಗಂಗಮ್ಮಾಯಿ ಒಂದು ಕುಪ್ಪಸದ ಖಣ ಏರಿಸಿದರು. ಬಳೆ ಮಾರುವ ಹಲೀಮಾಬೀ ದಿನಾ ಬುಟ್ಟಿ ಇಳಿಸಿ ಹೊಸ್ತಿಲ ಹತ್ತಿರ ಕೂರುತ್ತಿದ್ದಳು. ವ್ಯಾಸಪೀಠ ನೋಡಿ, ನಮ್ಮಲ್ಲೂ ಇಂಥದೇ ಇದೆ, ರಹಾಲ ಅನ್ನುತ್ತೇವೆ ಎಂದು ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು. ಎಂಟನೆಯ ಅಧ್ಯಾಯದಲ್ಲಿ ವಿಮಲಾಳ ಮುದಿ ಮಾವ ತೀರಿಕೊಂಡ ದಿನ ಯಾರೂ ಚಹಾ ಮುಟ್ಟಲಿಲ್ಲ. ಯಾವ ಲೇಖಕನಿಗೂ ಸಿಗದ ಗೌರವ ಅದು. ಪಾಪ, ಬರೆದ ಮಹನೀಯರಿಗೆ ತಾವು ಬಸವಕಲ್ಯಾಣದಲ್ಲಿ ಪುರಾಣವಾದದ್ದು ಗೊತ್ತೇ ಆಗಲಿಲ್ಲ.

ತೊಡಕು ಶುರುವಾದದ್ದು ಹದಿನೈದನೆಯ ಅಧ್ಯಾಯದಿಂದ, ಅಂದರೆ ನನ್ನ ಅರವತ್ತು ಪುಟದ ಗಡಿಯಾಚೆ. ವಿಮಲಾಳ ಗಂಡ ಬೇರೆ ಊರಿನಲ್ಲಿ ಇನ್ನೊಂದು ಮನೆ ಮಾಡಿದ. ವಿಮಲಾ ತವರಿಗೆ ಬಂದಳು.

ಪಡಸಾಲೆಯಲ್ಲಿ ಬತ್ತಿ ಹೊಸೆಯುವ ಕೈಗಳು ನಿಂತವು. ಯಾಕೆಂದರೆ ಓದುತ್ತಿದ್ದ ಮಹಾನಂದಾಳ ಕಥೆಯೂ ಅದೇ. ಅವಳ ಗಂಡ ಜಹೀರಾಬಾದಿನಲ್ಲಿ ಲಾರಿ ಇಟ್ಟುಕೊಂಡವನು. ಲಾರಿಯ ಜೊತೆ ಇನ್ನೊಬ್ಬಳನ್ನೂ ಇಟ್ಟುಕೊಂಡ. ಮಹಾನಂದಾ ತವರಿಗೆ ಬಂದು ಎರಡು ವರ್ಷವಾಗಿತ್ತು. ಹುಮನಾಬಾದಿನಲ್ಲಿದ್ದ ಅತ್ತೆ ಮಾವಂದಿರು ಎರಡು ವರ್ಷ ಸುಮ್ಮನಿದ್ದು, ಆ ಬೇಸಿಗೆಯಲ್ಲಿ ಅತ್ತೆಗೆ ಮೊಣಕಾಲು ಹಿಡಿದು ಮನೆಗೆಲಸ ಆಗದಾದ ಮೇಲೆ, ಸೊಸೆ ಎಂಬವಳೊಬ್ಬಳು ಇದ್ದಳಲ್ಲ ಎಂದು ನೆನಪು ಮಾಡಿಕೊಂಡಿದ್ದರು. ಕಳಿಸಿಬಿಡೋಣ ಎಂದು ಅಣ್ಣಂದಿರು. ಇತ್ತ ಗುಲಬರ್ಗಾದಲ್ಲಿ ಟೀಚರ್ ಟ್ರೇನಿಂಗಿಗೆ ಮಹಾನಂದಾಳಿಗೆ ಸೀಟು ಸಿಕ್ಕಿತ್ತು. ಶ್ರಾವಣ ಮುಗಿದ ವಾರದೊಳಗೆ ಸೇರಬೇಕು, ಇಲ್ಲದಿದ್ದರೆ ಸೀಟು ಹೋಗುತ್ತದೆ. ಆ ಸೀಟಿನ ಕಾಗದವನ್ನು ಅವಳು ಕಾದಂಬರಿಯೊಳಗೇ ಇಟ್ಟಿದ್ದಳು, ಓದಿದ ಪುಟದ ಗುರುತಿಗೆ. ದಿನಾ ಒಂದೊಂದು ಅಧ್ಯಾಯ ಮುಂದೆ ಸರಿಯುತ್ತಿತ್ತು ಆ ಕಾಗದ.

ಗಂಗಮ್ಮಾಯಿಗೆ ಎರಡೂ ಕಡೆಯ ಎಳೆತ. ಗಂಡುಮಕ್ಕಳು ಕೇಳಿದಾಗ, ಬೀಗರು ಹೇಳಿಕಳಿಸಿದಾಗ, ನಾನು ಟ್ರೇನಿಂಗಿನ ಮಾತೆತ್ತಿದಾಗ, ಎಲ್ಲರಿಗೂ ಅವರದು ಒಂದೇ ಉತ್ತರ: ಮಂಗಲ ಆಗಲಿ. ಮೊದಮೊದಲು ಅದು ಸುಮ್ಮನೆ ದಿನ ನೂಕುವ ಮಾತಾಗಿತ್ತು. ಆದರೆ ವಿಮಲಾ ತವರಿಗೆ ಬಂದ ಮೇಲೆ ಓಣಿಯ ಹೆಣ್ಣುಮಕ್ಕಳು ಅದಕ್ಕೆ ಬೇರೆ ಅರ್ಥ ಕಟ್ಟಿದರು. ವಿಮಲಾ ಏನು ಮಾಡುತ್ತಾಳೋ ನೋಡಿ ಆಯಿ ನಿಶ್ಚಯ ಮಾಡುತ್ತಾರಂತೆ ಎಂದು ನಲ್ಲಿಯ ಹತ್ತಿರ ಮಾತಾಯಿತು. ಆಯಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಪೀಠದ ಮೇಲೆ ಇಟ್ಟು ಓದಿಸಿದ ಪುಸ್ತಕದ ಮಾತನ್ನು ಅಲ್ಲ ಎನ್ನುವುದು ಅವರ ನಾಲಿಗೆಗೆ ಅಭ್ಯಾಸವಿರಲಿಲ್ಲ.

ಈಗ ನೀವೇ ಹೇಳಿ, ಕೊನೆಯ ಅಧ್ಯಾಯವನ್ನು ಮೊದಲೇ ಓದಿ ನೋಡುವುದು ನನ್ನ ಕರ್ತವ್ಯವಾಗಿರಲಿಲ್ಲವೇ? ಆಗಿತ್ತು. ಆದರೆ ಪುಸ್ತಕ ಪೀಠದ ಮೇಲಿತ್ತು, ಹೂವೇರಿಸಿಕೊಂಡು. ಅದನ್ನು ಎತ್ತಿ ಹಿಂದಿನಿಂದ ತಿರುವುವುದಕ್ಕೆ ಯಾರೂ ಬಿಡುತ್ತಿರಲಿಲ್ಲ. ಹೋಗಲಿ, ಬಸ್ ಸ್ಟ್ಯಾಂಡಿಗೆ ಹೋಗಿ ಇನ್ನೊಂದು ಪ್ರತಿ ತರೋಣವೆಂದರೆ ಆ ಅಂಗಡಿಯಲ್ಲಿ ಒಂದು ಪುಸ್ತಕದ ಒಂದೇ ಪ್ರತಿ. ನಿಜ ಹೇಳುತ್ತೇನೆ, ನನಗೆ ಹೆಚ್ಚು ಆತಂಕವೂ ಇರಲಿಲ್ಲ. ರಟ್ಟಿನ ಮೇಲೆ ದಿಟ್ಟ ಹೆಣ್ಣು ಎಂದು ಬರೆದಿತ್ತಲ್ಲ.

ಮಂಗಲದ ದಿನ ಪಡಸಾಲೆ ತುಂಬಿತು. ಹುಮನಾಬಾದಿನಿಂದ ಬೀಗರು ಶಿವಲಿಂಗಪ್ಪನವರು, ಅಂದರೆ ಮಹಾನಂದಾಳ ಮಾವ, ಒಂದು ಹೊಸ ಸೀರೆ ಹಿಡಿದುಕೊಂಡು ಬಂದಿದ್ದರು. ಊಟ ಮುಗಿಸಿ ಸಂಜೆಯ ಬಸ್ಸಿಗೆ ಸೊಸೆಯನ್ನು ಕರೆದುಕೊಂಡು ಹೋಗುವುದು ಅವರ ಲೆಕ್ಕ. ಇಪ್ಪತ್ತೊಂಬತ್ತನೆಯ ಅಧ್ಯಾಯದಲ್ಲಿ ವಿಮಲಾ ಟ್ರಂಕು ಕಟ್ಟಿಕೊಂಡು ತಯಾರಾಗಿದ್ದಳು; ಗಂಡನ ಮನೆಗೇ ಎಂದು ಎಲ್ಲರ ಅಂದಾಜು. ಬೀಗರು ಆ ಸುದ್ದಿಯನ್ನು ಕೇಳಿಕೊಂಡೇ ಬಂದಿದ್ದರೆಂದು ಕಾಣುತ್ತದೆ, ಬಹಳ ಪ್ರಸನ್ನರಾಗಿದ್ದರು. ಗೋಡೆಗೆ ಒರಗಿ ತಲೆದೂಗುತ್ತ ಕೂತರು.

ಮಹಾನಂದಾ ಕೊನೆಯ ಅಧ್ಯಾಯ ಓದಿದಳು. ವಿಮಲಾ ಬಸ್ಸು ಹತ್ತಿದಳು. ರಸ್ತೆ ಕವಲೊಡೆಯುವ ಊರು ಬಂತು, ಚಹಾದ ಅಂಗಡಿ, ಅದರ ಪಕ್ಕ ಒಂದು ಬೇವಿನ ಗಿಡ. ಅಲ್ಲಿ ಗಂಡನ ಊರಿನ ಬಸ್ಸು ಒಂದು ಬದಿಗೆ ನಿಂತಿತ್ತು. ವಿಮಲಾ ಅದನ್ನು ನೋಡಿದಳು. ಟ್ರಂಕು ಎತ್ತಿಕೊಂಡು ಎದುರಿನ ಗುಲಬರ್ಗಾ ಬಸ್ಸಿಗೆ ಹೋಗಿ ಕೂತಳು. ಕಂಡಕ್ಟರು ಎಲ್ಲಿಗೆ ಎಂದು ಕೇಳಿದಾಗ, ಟೀಚರ್ ಟ್ರೇನಿಂಗಿಗೆ ಎಂದಳು. ಮುಂದೆ ಅವಳು ಶಾಲೆಯ ಅಕ್ಕೋರಾಗಿ, ತಾಯಿಗೆ ಸಂಬಳದ ಮೊದಲ ಸೀರೆ ತಂದುಕೊಟ್ಟು ಸುಖವಾಗಿದ್ದಳು.

ಓದುವಾಗ ಮಹಾನಂದಾಳ ಸ್ವರ ಒಂದು ಸಲವೂ ನಡುಗಲಿಲ್ಲ. ನನಗೆ ಮಾತ್ರ ಒಂದು ಅಚ್ಚರಿ. ದೂರದ ಕರಾವಳಿಯಲ್ಲಿ ಕೂತು ಬರೆದ ಲೇಖಕರಿಗೆ ಹುಮನಾಬಾದ್ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿ, ಅದರ ಪಕ್ಕದ ಬೇವಿನ ಗಿಡ, ಗುಲಬರ್ಗಾ ಬಸ್ಸು ನಿಲ್ಲುವ ಜಾಗ ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು? ಇದಲ್ಲವೇ ರಿಯಲಿಸಂ ಎಂದು ಮೆಚ್ಚಿಕೊಂಡೆ. ನನ್ನ ದಡ್ಡತನಕ್ಕೂ ಒಂದು ಗತ್ತಿರುತ್ತದೆ.

ಗಂಗಮ್ಮಾಯಿ ಆರತಿ ಎತ್ತಿದರು. ಕಾಯಿ ಒಡೆದರು. ಅದು ಎರಡು ಸಮ ಹೋಳಾಗಿ ಬಿತ್ತು.

ಆಗ ಶಿವಲಿಂಗಪ್ಪನವರು ಗೋಡೆಯಿಂದ ಬೆನ್ನು ತೆಗೆದರು. ಕೈ ಚಾಚಿ ಪುಸ್ತಕ ತೆಗೆದುಕೊಂಡರು. ಅವರು ಓದಿದವರೇ, ಆದರೆ ನಿಜಾಮರ ಕಾಲದ ಉರ್ದು ಓದು. ಕನ್ನಡ ಅಕ್ಷರ ಅವರಿಗೆ ಬಳ್ಳಿಯ ಚಿತ್ತಾರ. ಉರ್ದು ಕಲಿತವರ ರೂಢಿಯಂತೆ ಅವರು ಹಿಂದಿನ ರಟ್ಟಿನಿಂದಲೇ ಪುಸ್ತಕ ತೆರೆದರು. ಹೀಗಾಗಿ ನೇರ ಕೊನೆಯ ಅಧ್ಯಾಯಕ್ಕೇ ಬೆರಳಿಟ್ಟರು. “ಕಿತಾಬ್ ಬರಿಯೋ ಮಂದಿ ಹಿಂಗ ಬರಿಯಂಗಿಲ್ಲ,” ಎಂದರು. ಅಣ್ಣಂದಿರ ಓದೂ ಉರ್ದುವಿನದೇ; ಅಂದು ಪಡಸಾಲೆಯಲ್ಲಿ ಕೂತವರಲ್ಲಿ ಕನ್ನಡದ ಅಚ್ಚು ಓದಬಲ್ಲವರು ಇಬ್ಬರೇ. ಒಬ್ಬಳು ಓದಿಯಾಗಿತ್ತು. ಅವರು ಪುಸ್ತಕವನ್ನು ಹಾಗೇ ತೆರೆದುಕೊಂಡು ನನ್ನ ಕಡೆ ನೀಡಿದರು. “ವಕೀಲರ ಬಾಯಾರು ಓದ್ಲಿ. ಅವರು ಸುಳ್ಳ ಹೇಳೂ ಪೈಕಿ ಅಲ್ಲ.”

ನಾನು ಕನ್ನಡಕ ಹಾಕಿಕೊಂಡು, ನಾನೇ ಶಿಫಾರಸು ಮಾಡಿದ ಕಾದಂಬರಿಯ ಕೊನೆಯ ಅಧ್ಯಾಯವನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದೆ. ಎರಡನೆಯ ಪ್ಯಾರಾದಲ್ಲೇ ಆ ಇನ್ನೊಬ್ಬಳಿಗೆ ಟೈಫಾಯಿಡ್ ಬಂದು ಲೇಖಕರ ದಾರಿ ಸುಗಮವಾಗಿತ್ತು. ವಿಮಲಾ ಗಂಡನ ಮನೆ ಸೇರಿದ್ದಳು. ಕೊನೆಯ ಸಾಲಿನಲ್ಲಿ ಅವಳ ಕಣ್ಣೀರು ಅವನ ಪಾದ ತೊಳೆಯುತ್ತಿತ್ತು. ದೇವರ ಮನೆಯ ದೀಪ ಇನ್ನಷ್ಟು ಬೆಳಗಿತು. ಬಸ್ಸು ಇರಲಿಲ್ಲ. ಚಹಾದ ಅಂಗಡಿ ಇರಲಿಲ್ಲ. ಬೇವಿನ ಗಿಡ ಇರಲಿಲ್ಲ. ಪುಟದ ನಡುವೆ ಟ್ರೇನಿಂಗಿನ ಕಾಗದ ಮಾತ್ರ ಇತ್ತು, ಮಡಿಕೆಗಳಲ್ಲಿ ಸವೆದು.

ತಲೆ ಎತ್ತಿದೆ. ಮಹಾನಂದಾ ಆರತಿಯ ತಟ್ಟೆಯಲ್ಲಿನ ಅಕ್ಕಿಕಾಳುಗಳನ್ನು ಬೆರಳಿನಿಂದ ಒಂದು ಕಡೆಗೆ ಕೂಡಿಸುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ನೋಡಿ ಬೇಡಿಕೊಂಡಿದ್ದರೆ ಬಹುಶಃ ನನಗೆ ಸುಲಭವಾಗುತ್ತಿತ್ತು.

ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ರೀಡಿಂಗ್ ಕ್ಲಾಸಿನಲ್ಲಿ ಬೆತ್ತ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಪುಟದ ಮೇಲಿಲ್ಲದ ಒಂದು ಶಬ್ದ ಬಾಯಿಂದ ಬಂದರೆ ಅಂಗೈ ಮೇಲೆ ಒಂದು ಏಟು. ಆ ಅಂಗೈಯಲ್ಲೇ ಪುಸ್ತಕ ಹಿಡಿದುಕೊಂಡು ನಾನು ಓದಿದೆ. ಕಣ್ಣು ಒಂದು ಸಾಲಿನ ಮೇಲೆ ಓಡುತ್ತಿತ್ತು, ನಾಲಿಗೆ ಇನ್ನೊಂದು ಸಾಲು ಕಟ್ಟುತ್ತಿತ್ತು. ವಿಮಲಾಳನ್ನು ಬಸ್ಸಿಗೆ ಹತ್ತಿಸಿದೆ, ಇಳಿಸಿದೆ. ಉತ್ಸಾಹ ಹೆಚ್ಚಾಗಿ, ಬಸ್ಸಿನ ಕಿಟಕಿಯಿಂದ ಅವಳಿಗೆ ಮುಳುಗುವ ಸೂರ್ಯನನ್ನೂ ತೋರಿಸಿದೆ. ಅದು ಕಾನ್ವೆಂಟಿನ ಕಾಂಪೊಜಿಶನ್ನಿನ ಪ್ರಭಾವ. “ಆಗ ಸೂರ್ಯ ಇದ್ದಿಲ್ಲಲ್ಲ,” ಎಂದಳು ಹೊಸ್ತಿಲಿನಿಂದ ಹಲೀಮಾಬೀ. ನಾನು ನಿಧಾನವಾಗಿ ಓದುತ್ತಿದ್ದೇನೆ, ಅದಕ್ಕೆ ಹೆಚ್ಚು ಕಾಣಿಸುತ್ತಿದೆ ಎಂದೆ. ಅವಳು ಒಪ್ಪಿದಳು. ಆ ಧೈರ್ಯದಲ್ಲಿ ಮುಂದೆ ಹೋಗಿ, ಕಂಡಕ್ಟರಿಗೆ ವಿಮಲಾ “ಬೀದರಿಗೆ” ಎಂದಳು ಎಂದು ಓದಿಬಿಟ್ಟೆ.

ಮಹಾನಂದಾಳ ಬೆರಳು ಅಕ್ಕಿಯಲ್ಲಿ ನಿಂತಿತು. ಶಿವಲಿಂಗಪ್ಪನವರು ನನ್ನನ್ನೂ ಅವಳನ್ನೂ ನೋಡಿ ಮೆಲ್ಲಗೆ ನಕ್ಕರು. ವಕೀಲರ ಹೆಂಡತಿಯಾಗಿ ಮೂವತ್ತು ವರ್ಷ ಕಳೆದವಳಿಗೆ, ಇಬ್ಬರು ಸಾಕ್ಷಿಗಳು ಎರಡು ಊರು ಹೇಳಿದರೆ ಕೇಸು ಏನಾಗುತ್ತದೆ ಎಂದು ಗೊತ್ತಿರಲಿಲ್ಲವೇ? “ಆಗ ಗುಲಬರ್ಗಾ, ಈಗ ಬೀದರ. ಯಾವುದು ಖರೇ?” ಎಂದರು ಬೀಗರು.

ಉತ್ತರ ಬಂದದ್ದು ನನ್ನಿಂದ ಅಲ್ಲ. ಗಂಗಮ್ಮಾಯಿ ಒಡೆದ ಕಾಯಿಯ ಹೋಳುಗಳನ್ನು ತಟ್ಟೆಯಲ್ಲಿ ಇಡುತ್ತ, ಮುಖ ಎತ್ತದೆ ಹೇಳಿದರು: “ಹುಮನಾಬಾದಿಂದ ಎರಡೂ ಕಡೀ ಬಸ್ ಹೋಗ್ತಾವಲ್ರಿ ಬೀಗರ. ಯಾವ್ದರೆ ಹತ್ಲಿ. ಜಹೀರಾಬಾದ್ ಬಸ್ಸಂತೂ ಹತ್ತಲಿಲ್ಲ.”

ಕಾದಂಬರಿಯಲ್ಲಿ ಜಹೀರಾಬಾದು ಎಲ್ಲೂ ಇರಲಿಲ್ಲ. ಲಾರಿಯ ಊರಿನ ಹೆಸರು ಎರಡು ವರ್ಷದಲ್ಲಿ ಆ ಮನೆಯಲ್ಲಿ ಯಾರ ಬಾಯಿಂದಲೂ ಹೊರಟಿರಲಿಲ್ಲ. ಶಿವಲಿಂಗಪ್ಪನವರ ನಗು ಹೋಯಿತು.

“ಪುಸ್ತಕ ನೋಡಿ ಮನಿ ನಡಸ್ತೀರೇನು?” ಎಂದರು ಅವರು, ಸ್ವಲ್ಪ ಸಣ್ಣ ಧ್ವನಿಯಲ್ಲಿ.

“ಮಂಗಲ ಆಗ್ಯಾದ್ರಿ. ಕಾಯಿ ಒಡದಾದ. ಇನ್ನ ಎತ್ತಿ ಆಡಬಾರ್ದು. ಊಟಕ್ಕ ಏಳ್ರಿ.”

ಬೀಗರು ಎದ್ದರು. ಪದ್ಧತಿಯ ಜೊತೆ ಜಗಳವಾಡುವುದು ಗಂಗಮ್ಮಾಯಿಯ ಜೊತೆ ಜಗಳವಾಡಿದಷ್ಟೇ ಕಷ್ಟ. ಅಂದು ಎರಡೂ ಒಂದೇ ಕಡೆ ನಿಂತಿದ್ದವು. ಅವರು ಉಂಡರು, ಹುಗ್ಗಿ ಛಲೋ ಆಗಿದೆ ಎಂದರು, ತಂದ ಸೀರೆಯನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ಒಬ್ಬರೇ ಬಸ್ ಸ್ಟ್ಯಾಂಡಿನ ಕಡೆ ನಡೆದರು. ನನಗೆ ಅವರ ಬಗ್ಗೆ ಸಿಟ್ಟಿಲ್ಲ. ಅಚ್ಚಾದ ಪುಟ ಪೂರಾ ಅವರ ಪಕ್ಷದಲ್ಲೇ ಇತ್ತು. ಇಂಥ ಬಲವಾದ ದಾಖಲೆ ಕೈಯಲ್ಲಿ ಹಿಡಿದೂ ಕೇಸು ಸೋತವರು ನಮ್ಮ ತಾಲೂಕಿನಲ್ಲಿ ಅವರೊಬ್ಬರೇ ಇರಬೇಕು.

ಗದ್ದಲ ಇಳಿದ ಮೇಲೆ ಗಂಗಮ್ಮಾಯಿ ನನ್ನನ್ನು ಅಡುಗೆಮನೆಗೆ ಕರೆದರು. ಬಾಗಿಲು ಮುಂದಕ್ಕೆ ಎಳೆದು, ತಗ್ಗಿದ ದನಿಯಲ್ಲಿ ಕೇಳಿದರು: “ಖರೇ ಏನ್ ಬರದಿತ್ರಿ ಅದ್ರಾಗ?”

ಸುಳ್ಳಿನ ಕೋಟಾ ಆ ದಿನಕ್ಕೆ ಮುಗಿದಿತ್ತು. ಹೇಳಿದೆ. ಟೈಫಾಯಿಡ್, ಪಾದ, ಕಣ್ಣೀರು, ದೀಪ, ಎಲ್ಲವನ್ನೂ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಪುಸ್ತಕವನ್ನು ನಾನು ಪೂರ್ತಿ ಓದದೆಯೇ ಅವರಿಗೆ ಕೊಟ್ಟದ್ದನ್ನೂ ಹೇಳಿದೆ. ಅವರು ಹುಗ್ಗಿಯ ಪಾತ್ರೆಯ ತಳವನ್ನು ಸೌಟಿನಿಂದ ಕೆರೆಯುತ್ತ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

“ಬರದಾವ್ರಿಗಿ ಹೆಣ್ಣಮಕ್ಕಳು ಅದಾವೇನು?” ಎಂದರು.

ನನಗೆ ಗೊತ್ತಿಲ್ಲ ಆಯಿ, ರಟ್ಟಿನ ಮೇಲೆ ಅದನ್ನು ಹಾಕಿಲ್ಲ ಎಂದೆ.

“ಇದ್ದಿಲ್ಲ ಕಾಣ್ತದ,” ಎಂದು ಒಂದು ತಾಟಿನಲ್ಲಿ ಹುಗ್ಗಿ ಹಾಕಿ, ನಡುವೆ ಗುಂಡಿ ಮಾಡಿ ತುಪ್ಪ ಬಿಟ್ಟು ನನ್ನ ಮುಂದೆ ಸರಿಸಿದರು. “ಬರೋ ಶ್ರಾವಣಕ್ಕ ಬ್ಯಾರೇ ಪುಸ್ತಕ ನೋಡಿಡ್ರಿ. ನೀವೇ ಓದಬೇಕಾಗ್ತದ. ಮಹಾನಂದಾ ಇರಂಗಿಲ್ಲ ಇಲ್ಲಿ.”

ನಾನು ಎಷ್ಟೋ ಪತ್ರಿಕೆಗಳಲ್ಲಿ ಎಷ್ಟೋ ವಿಮರ್ಶೆ ಓದಿದ್ದೇನೆ. ಆಶಯ, ಆಕೃತಿ, ಧೋರಣೆ ಎಂದೆಲ್ಲ ಬರೆಯುತ್ತಾರೆ. ಲೇಖಕರಿಗೆ ಮಗಳಿದ್ದಾಳೆಯೇ ಎಂದು ಕೇಳಿದ ವಿಮರ್ಶಕರು ಇನ್ನೂ ಸಿಕ್ಕಿಲ್ಲ. ಮಹಾನಂದಾ ಈಗ ದುಬಲಗುಂಡಿಯ ಶಾಲೆಯಲ್ಲಿ ಅಕ್ಕೋರು. ಕಳೆದ ಭಾನುವಾರ ಬಂದಿದ್ದಳು. ಅವಳ ಜೊತೆಯ ಅಕ್ಕೋರೊಬ್ಬರಿಗೆ ಓದಲು ಹೊಸದೊಂದು ಕಾದಂಬರಿ ಬೇಕಂತೆ. ಅಲಮಾರಿಯಲ್ಲಿ ಒಳ್ಳೆಯವು ನಾಲ್ಕಿದ್ದವು, ಇತ್ತೀಚಿನವೇ. ಆದರೆ ನಾನು ಕೀಲಿಕೈ ತೆಗೆಯುವ ಮೊದಲು ಅವರ ಮನೆಯಲ್ಲಿ ಯಾರ್ಯಾರಿದ್ದಾರೆ, ಅವರು ಯಾರ ಮಾತಿಗೆ ಕಾಯುತ್ತಿದ್ದಾರೆ ಎಂದು ವಿಚಾರಿಸಿಕೊಂಡೆ. ಪುಸ್ತಕ ಹೇಗಿದೆ ಎನ್ನುವುದು ಆಮೇಲಿನ ಮಾತು. ಸಂಪಾದಕರಿಗೂ ಹಾಗೆಯೇ ಬರೆದಿದ್ದೇನೆ: ಹತ್ತು ಹೆಸರು ಕಳಿಸುತ್ತೇನೆ, ತಕರಾರಿಲ್ಲ, ಮೊದಲು ನಿಮ್ಮ ಆ ಸಾಮಾನ್ಯ ಓದುಗರ ಮನೆಯಲ್ಲಿ ಈಗ ಏನು ನಡೆದಿದೆ, ಅದನ್ನೊಂದು ತಿಳಿಸಿ.